ದಾರ ಉಳಿಸಿದ ಕಲ್ಲುಸಕ್ಕರೆ

ಹೇಳಬೇಕು, ಹೇಳಬೇಕು ಅಂತ ಮುಂದೂಡುತ್ತಲೇ ಮುದುಕನಾದೆ. ನಿನ್ನೆ ಮೊಮ್ಮಗಳು ನನ್ನ ಬಾಯಿಗಿಟ್ಟ ಕಲ್ಲುಸಕ್ಕರೆ ಕರಗಿ, ಒಳಗಿನ ದಾರ ನಾಲಿಗೆಗೆ ಸಿಕ್ಕಿತು. ಇನ್ನು ತಡೆಯಲಾಗಲಿಲ್ಲ.

ಪೋಲೀಸ್ ಆ್ಯಕ್ಷನ್ ಮುಗಿದು ನಿಜಾಮರ ಆಳ್ವಿಕೆ ಹೋದ ಹೊಸತು. ನಾನು ನಾರಾಯಣಪೇಟೆ ದವಾಖಾನೆಯಲ್ಲಿ ಕಂಪೌಂಡರ್. ಹೈಸ್ಕೂಲಿನ ಸೈನ್ಸ್ ಮಾಸ್ತರು ಅಲ್ಲಿತನಕ ಉರ್ದುವಿನಲ್ಲಿ ಪಾಠ ಹೇಳಿದವರು. ಕನ್ನಡದಲ್ಲೂ ಹೇಳಬಲ್ಲೆನೆಂದು ಹೊಸ ಶಾಲಾ ಇನ್‌ಸ್ಪೆಕ್ಟರರಿಗೆ ತೋರಿಸಬೇಕಿತ್ತು. ಇಲ್ಲದಿದ್ದರೆ ಗದ್ವಾಲಿಗೆ ವರ್ಗ. ಅವರ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಇಲ್ಲಿನ ಮನೆಯ ಗೋಡೆ ಮುಟ್ಟಿಕೊಂಡೇ ಒಲೆಗೂ ಬಾವಿಗೂ ಓಡಾಡುತ್ತಿದ್ದರು.

ಪಾಠಕ್ಕೆಂದು ಮಾಸ್ತರು ಹರಳು ಬೆಳೆಸಿದರು. ಹುಣಸೆಹಣ್ಣಿನಲ್ಲಿರುವ ಆಮ್ಲ, ಚಳಿಜ್ವರದ ಕ್ವಿನೈನ್, ಎರಡನ್ನೂ ಬಿಸಿನೀರಲ್ಲಿ ಕರಗಿಸಿ, ದಾರ ಇಳಿಬಿಟ್ಟು, ಭರಣಿಯನ್ನು ನಮ್ಮ ಔಷಧಿ ಕೋಣೆಯಲ್ಲಿಟ್ಟರು. ಶಾಲೆಯಲ್ಲಾದರೆ ಹುಡುಗರು ಅಲ್ಲಾಡಿಸಿಬಿಡುತ್ತಾರೆಂದು!

"ಕಂಪೌಂಡರ್ ಸಾಬ, ಹುಳಿ ತನ್ನ ಹೈಡ್ರೋಜನ್ ಮುಂದ ಚಾಚತೈತಿ, ಕಹಿ ಹಿಡಕೋತೈತಿ. ಇಬ್ಬರೂ ಪೂರಾ ಬಿಡಂಗಿಲ್ಲ. ಹಂಗ ಸಾಲಾಗಿ ಹಿಡಕೊಂಡು ನಿಂತ್ರ ಹರಳು. ಮುಟ್ಟಬ್ಯಾಡ್ರಿ ಮತ್ತ!"

ಮುಟ್ಟಿದೆ. ದಿನಾ ದಾರ ಎತ್ತಿ ನೋಡುವ ಚಟ... ಇನ್‌ಸ್ಪೆಕ್ಟರ್ ಬರುವ ಮುಂಜಾನೆ ಬೆರಳು ಜಾರಿತು. ಬಿಳಿ ಸೂಜಿಗಳ ಗೊಂಚಲು ನೆಲಕ್ಕೆ ಬಿದ್ದು ಪುಡಿಯಾಯಿತು. ಮಿಠಾಯಿ ಅಂಗಡಿಗೆ ಓಡಿದೆ. ದಾರವಿದ್ದ ಕಲ್ಲುಸಕ್ಕರೆ ತಂದು ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ನಾನೇ ಶಾಲೆಗೆ ಒಯ್ದುಕೊಟ್ಟೆ.

ಮಾಸ್ತರು ಮರ್ಯಾದೆಗೆ ಡಬ್ಬಿಯನ್ನು ತಾವು ನೋಡದೆ ಮೊದಲು ಇನ್‌ಸ್ಪೆಕ್ಟರ್ ಸಾಹೇಬರ ಮುಂದೆಯೇ ತೆರೆದು ಹಿಡಿದರು. "ಭಾಳ ಕಹಿ ಐತ್ರಿ. ಬೇಕಾದ್ರ ನಾಲಿಗಿಗೆ ಹಚ್ಚಿ ನೋಡ್ರಿ."

ಸಾಹೇಬರು ಹಚ್ಚಿದರು. ಚಪ್ಪರಿಸಿದರು. "ಇದರ ಜೋಡಿ ಬಾದಾಮಿ ಹಾಲೂ ಐತೇನ್ರಿ?"

ಕ್ಲಾಸು ಬಿದ್ದುಬಿದ್ದು ನಕ್ಕಿತು. ಮಾಸ್ತರು ಸಕ್ಕರೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅದನ್ನೇ ಎತ್ತಿ ಹಿಡಿದು, "ಸಕ್ಕರಿನೂ ಹೈಡ್ರೋಜನ್ ಹಿಡಕೊಂಡೇ ನಿಂತಿರತೈತ್ರಿ" ಎಂದು ಪಾಠ ಶುರುಮಾಡಿದರು. ಚಂದದ ಕನ್ನಡ! ಆ ನಗುವಿನಲ್ಲಿ ಕೇಳಿದವರಿಲ್ಲ. ತಮ್ಮನ್ನು ಗೇಲಿ ಮಾಡಿದರೆಂದು ಸಾಹೇಬರು ಎದ್ದುಹೋದರು.

ವರ್ಗದ ಹುಕುಂ ಬಂತು. ಬಂಡಿಗೆ ಸಾಮಾನು ಏರಿಸುವಾಗ, "ನಿಮ್ಮ ಹರಳು ಇಲಿ ತಿಂದಿರಬೇಕ್ರಿ ಮಾಸ್ತರ" ಎಂದೆ.

"ತಿನ್ನಲಿ ಬಿಡ್ರಿ. ಆ ಇಲಿಗೆ ಇನ್ನ ಚಳಿಜ್ವರ ಬರಂಗಿಲ್ಲ!"

ನನ್ನ ಭುಜ ತಟ್ಟಿ ನಕ್ಕರು. ನಾನೂ ನಕ್ಕೆ. ಬಂಡಿಯೊಳಗೆ ಅವರ ತಾಯಿ ಕೈಚಾಚಿ ಗೋಡೆ ಹುಡುಕುತ್ತಿದ್ದರು...

ತಪ್ಪೊಪ್ಪಿಕೊಳ್ಳಲು ಎರಡು ಸಲ ಗದ್ವಾಲಿಗೆ ಹೊರಟು ನಡುದಾರಿಯ ಮಕ್ತಲದಿಂದಲೇ ತಿರುಗಿ ಬಂದೆ. ಮೂರನೆಯ ಸಲ ಹೊರಡುವ ಮೊದಲೇ ಮಾಸ್ತರು ತೀರಿಹೋದ ಸುದ್ದಿ ಬಂತು. ತಾಯಿ ಅದಕ್ಕೂ ಮುಂಚೆಯೇ ಹೋಗಿದ್ದರಂತೆ.

ದಾರ ಅಂಗೈಯಲ್ಲಿ ಒಣಗಿದೆ. ತಪ್ಪಾಯಿತು ಅನ್ನಬೇಕಿದ್ದುದು ಮಾಸ್ತರಿಗೆ... ಅವರಿಗಿಂತ ಮೊದಲು, ಅವರ ತಾಯಿಗೆ.