ಥಾಣೆ ಬಂದಾಗ ಏಳುವವರು

ಮೂವರು ಕೂರಲೆಂದು ರೈಲ್ವೆಯವರು ಮಾಡಿಸಿದ ಸೀಟಿನಲ್ಲಿ ನಾಲ್ಕನೆಯವರಾಗಿ ಕೂತು ಹೋದವರಿಗೆ ನಾನು ಹೇಳಹೊರಟಿರುವ ಸೂಕ್ಷ್ಮ ಬೇಗ ಅರ್ಥವಾದೀತು. ನಮ್ಮ ಲೋಕಲ್ ರೈಲುಗಳಲ್ಲಿ ‘ಚೌಥೀ ಸೀಟ್’ ಎಂದು ಕರೆಸಿಕೊಳ್ಳುವ ಆ ಜಾಗವನ್ನು ಆಸನವೆನ್ನುವುದೇ ಒಂದು ಔದಾರ್ಯ. ದೇಹದ ಅರ್ಧಕ್ಕೆ ಹಲಗೆಯ ಆಧಾರ ಉಂಟು, ಇನ್ನರ್ಧಕ್ಕೆ ದೇವರೇ ಗತಿ. ಡೊಂಬಿವಲಿಯಿಂದ ಫೋರ್ಟಿನ ಆಫೀಸಿಗೆ ವರ್ಷಗಟ್ಟಲೆ ಓಡಾಡಿದ ನಾನು ಕಂಡುಕೊಂಡದ್ದೇನೆಂದರೆ, ಕ್ರಿಕೆಟ್ಟಿನ ಬಗ್ಗೆ ಅತ್ಯಂತ ಅಚಲವಾದ ಅಭಿಪ್ರಾಯಗಳು ಹೊರಡುವುದು ಈ ಅರ್ಧಾಸನದಿಂದಲೇ. ಕಿಟಕಿಯ ಪಕ್ಕದವನಿಗೆ ಗಾಳಿ ಬರುತ್ತದೆ, ಗಾಳಿಯ ಹಿಂದೆ ನಿದ್ದೆ ಬರುತ್ತದೆ, ದೇಶದ ತಂಡದಲ್ಲಿ ಯಾರಿದ್ದರೂ ಅವನಿಗೆ ಒಂದೇ. ಅರ್ಧ ಕೂತವನಿಗೆ ಮಾತ್ರ ಹನ್ನೊಂದು ಮಂದಿಯಲ್ಲಿ ಯಾರು ಇರಬೇಕು, ಯಾರನ್ನು ಕೈಬಿಡಬೇಕು ಎಂಬುದು ಜೀವನ್ಮರಣದ ಪ್ರಶ್ನೆ. ನಾನು ಬಹುಕಾಲದಿಂದ ಚೌಥೀ ಸೀಟಿನವನು ಎಂಬುದನ್ನು ಈಗಲೇ ಹೇಳಿಬಿಟ್ಟರೆ ನಿಮಗೆ ಮುಂದೆ ಆಶ್ಚರ್ಯವಾಗಲಿಕ್ಕಿಲ್ಲ.

ನಮ್ಮದು ನಾಲ್ವರ ಕೂಟ. ಧಾರವಾಡದ ಕಡೆಯ ಕುಲಕರ್ಣಿ ಬ್ಯಾಂಕಿನವರು, ಮನೆ ಕಲ್ಯಾಣಿನಲ್ಲಿ. ರೈಲು ಅಲ್ಲಿಂದಲೇ ಹೊರಡುವುದರಿಂದ ಸೀಟು ಹಿಡಿಯುವ ಹೊಣೆ ಅವರದು. ಕಿಟಕಿಯ ಸೀಟಿನಲ್ಲಿ ತಾವು ಕೂತು, ಪಕ್ಕದಲ್ಲಿ ಚೀಲವನ್ನೂ, ಮೂರನೆಯ ಸೀಟು ಹಿಡಿದ ಕಲ್ಯಾಣಿನ ಯಾರೋ ಒಬ್ಬರ ಆಚೆ ಕೊನೆಯಲ್ಲಿ ಛತ್ರಿಯನ್ನೂ ಪ್ರತಿಷ್ಠಾಪಿಸಿ, ‘ಆದ್ಮೀ ಆ ರಹಾ ಹೈ’, ಇಲ್ಲಿಗೆ ಜನ ಬರುತ್ತಿದ್ದಾರೆ, ಎಂಬ ಮಂತ್ರವನ್ನು ಜಪಿಸುತ್ತ, ಗಾಡಿ ಠಾಕುರ್ಲಿ ದಾಟುವಾಗ ನಮ್ಮ ಫೋನಿಗೆ ಡಬ್ಬಿಯ, ಅಂದರೆ ಬೋಗಿಯ, ಗುರುತು ಕಳಿಸುತ್ತಾರೆ. ಡೊಂಬಿವಲಿಯಲ್ಲಿ ಹತ್ತುವವರು ನಾವು ಮೂವರು. ಒಬ್ಬರು ಶೆಟ್ಟರು, ಮಸೀದಿ ಬಂದರಿನ ಬಳಿ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಇನ್ನೊಬ್ಬರು ನಮ್ಮೆಲ್ಲರಿಗಿಂತ ಹಿರಿಯರಾದ ಐತಾಳರು, ಹಡಗು ಕಂಪನಿಯೊಂದರ ಲೆಕ್ಕಪತ್ರ ವಿಭಾಗದವರು. ನಿವೃತ್ತರಾದ ಮೇಲೂ ಕಂಪನಿ ಅವರನ್ನು ಬಿಟ್ಟಿಲ್ಲ, ಅವರೂ ಕಂಪನಿಯನ್ನು ಬಿಟ್ಟಿಲ್ಲ. ಮೂರನೆಯವನು ಈ ಬಡಪಾಯಿ. ಚೀಲ ಎತ್ತಿದ ಜಾಗದಲ್ಲಿ ಐತಾಳರು ಕೂರುತ್ತಾರೆ, ಛತ್ರಿ ಎತ್ತಿದ ಜಾಗದಲ್ಲಿ ನಾನು ನೇತಾಡುತ್ತೇನೆ, ಶೆಟ್ಟರು ನಿಲ್ಲುತ್ತಾರೆ. ಥಾಣೆ ಬಂತೆಂದರೆ ಕೂತವರು ಎದ್ದು ನಿಂತವರಿಗೆ ಜಾಗ ಕೊಡಬೇಕು. ಇದು ಯಾವ ಕಾನೂನಿನಲ್ಲೂ ಇಲ್ಲ, ಆದರೆ ಇದನ್ನು ಮೀರಿದವನಿಗೆ ಮರುದಿನ ಆ ಡಬ್ಬಿಯಲ್ಲಿ ಮುಖ ತೋರಿಸಲಾಗದು. ಕುಲಕರ್ಣಿಯವರ ಕಿಟಕಿ ಶೆಟ್ಟರಿಗೆ, ಐತಾಳರ ಪೂರ್ತಿ ಸೀಟು ನನಗೆ, ನನ್ನ ಅರ್ಧಾಸನ ಕುಲಕರ್ಣಿಯವರಿಗೆ. ಐತಾಳರಿಗೆ ಚೌಥೀ ಸೀಟು ಆಗಿಬರುವುದಿಲ್ಲ. ಕೂತರೆ ನೆಟ್ಟಗೆ ಕೂರಬೇಕು, ಇಲ್ಲವಾದರೆ ನಿಲ್ಲಬೇಕು ಎನ್ನುವ ಪೈಕಿ ಅವರು.

ಗುರುವಾರ ಟೆಸ್ಟ್ ಶುರುವಾಗುವುದಿತ್ತು. ಅದಕ್ಕೆ ಮೊದಲಿನ ದಿನಗಳಲ್ಲಿ ನಮ್ಮ ಡಬ್ಬಿಯ ಕಾವು ಹೇಳತೀರದು. ವಿವಾದವೆಲ್ಲ ಮಧ್ಯಮ ಕ್ರಮಾಂಕದ ಒಬ್ಬ ಹಿರಿಯ ಬ್ಯಾಟರನ ಸುತ್ತ. ಹೆಸರು ಬರೆದರೆ ಅವನ ಅಭಿಮಾನಿಗಳು ನನ್ನ ಹೌಸಿಂಗ್ ಸೊಸೈಟಿಯ ಗೇಟಿಗೆ ಬಂದಾರು. ನಾವು ಅವನನ್ನು ಕರೆಯುವುದೇ ‘ಪುಣ್ಯಾತ್ಮ’ ಎಂದು. ರನ್ ಬಾರದೆ ಬಹಳ ಕಾಲವಾಗಿತ್ತು. ಅವನ ಕಾಲು ಚೆಂಡಿನತ್ತ ಹೋಗುವುದಿಲ್ಲ, ಚೆಂಡೇ ಅವನ ಕಾಲಿಗೆ ಬಂದು ಬಡಿಯುತ್ತದೆ, ಅವನ ಬದಲು ಎರಡನೆಯ ಸ್ಪಿನ್ನರನನ್ನು ಹಾಕಬೇಕು ಎಂಬುದು ಕುಲಕರ್ಣಿಯವರ ವಾದ. ಶೆಟ್ಟರದು ಹೋಟೆಲಿನ ನ್ಯಾಯ: ನಿನ್ನೆ ಎಷ್ಟೇ ರುಚಿಯಾಗಿದ್ದರೂ ನಿನ್ನೆಯ ಚಟ್ನಿಯನ್ನು ಇವತ್ತು ಬಡಿಸಲಾಗದು. ನಾನು ಕಟ್ಟಿದ ತಂಡದಲ್ಲಿ ಯಾವಾಗಲೂ ಹನ್ನೆರಡು ಜನ ಆಗಿಬಿಡುತ್ತಾರೆ, ಯಾರ ಮನಸ್ಸನ್ನೂ ನೋಯಿಸುವ ಧೈರ್ಯ ನನಗಿಲ್ಲ. ಆದರೂ ಹಾಗೆ ಹೇಳಿಕೊಳ್ಳಲು ನಾಚಿಕೆಯಾಗಿ ನಾನೂ ಕೈಬಿಡುವವರ ಪಕ್ಷವನ್ನೇ ಸೇರಿದ್ದೆ. ಬಾಲ್ಯದಲ್ಲಿ ಕೊನೆಯ ಬ್ಯಾಟ್ಸ್‌ಮನ್ನನಾಗಿ ಇಳಿದು, ಎದುರಿಗಿದ್ದವನು ಔಟಾಗುವುದನ್ನೇ ಕಾಯುತ್ತಿದ್ದವನ ಅಭಿಪ್ರಾಯಕ್ಕೆ ಎಷ್ಟು ತೂಕ ಕೊಡಬೇಕೋ ಅಷ್ಟೇ ಕೊಡಿ.

ಪುಣ್ಯಾತ್ಮನ ಪರ ಇದ್ದದ್ದು ಐತಾಳರೊಬ್ಬರೇ. ಒಂದು ಕಾಲದಲ್ಲಿ ಆಫೀಸಿನ ತಂಡಕ್ಕೆ ಮೈದಾನಗಳಲ್ಲಿ ವಿಕೆಟ್ ಕೀಪರ್ ಆಗಿದ್ದವರು. ಕೊನೆಯ ದಿನ, ಪಿಚ್ಚು ಒಡೆದು, ಫೀಲ್ಡರುಗಳು ಬ್ಯಾಟಿನ ಬಾಯಿಗೇ ಬಂದು ಕೂತಾಗ, ಮೊದಲು ಸೋತು ಗೊತ್ತಿರುವವನೊಬ್ಬ ಬೇಕಾಗುತ್ತದೆ ಎಂದು ಅವರು ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ನಾವು ಮೂವರೂ ಮುಗಿಬೀಳುತ್ತಿದ್ದೆವು. ದಿವಾ, ಮುಂಬ್ರಾ, ಕಳವಾ ದಾಟಿದ್ದು ತಿಳಿಯುತ್ತಿರಲಿಲ್ಲ. ಎದುರು ಸೀಟಿನ ಮರಾಠಿ ಗೃಹಸ್ಥರೊಬ್ಬರು ಕನ್ನಡದ ಒಂದಕ್ಷರ ಬಾರದಿದ್ದರೂ ಐತಾಳರ ಪಕ್ಷ ಸೇರಿ ತಲೆಯಾಡಿಸುತ್ತಿದ್ದರು.

ಕೀಪಿಂಗಿಗೆ ಕುಕ್ಕರಗಾಲಿನಲ್ಲಿ ಕೂತು ಕೂತು ಸವೆಸಿಕೊಂಡ ಮೊಣಕಾಲು ಈಚೆಗೆ ಐತಾಳರನ್ನು ಕಾಡುತ್ತಿತ್ತು. ಥಾಣೆಯಲ್ಲಿ ಎದ್ದು ನಿಂತ ಮೇಲೆ ಅವರು ಮೇಲಿನ ಹಿಡಿಕೆಗೆ ಒಂದು ಕೈ ಕೊಟ್ಟು, ಇನ್ನೊಂದನ್ನು ತೊಡೆಯ ಮೇಲೆ ಒತ್ತಿಹಿಡಿದು, ಕುರ್ಲಾ ಬರುವಷ್ಟರಲ್ಲಿ ಬಿಳಿಚಿಕೊಳ್ಳುವುದನ್ನು ನಾವು ಮೂವರೂ ನೋಡಿದ್ದೆವು. ಅವರ ಸೀಟಿನಲ್ಲಿ ಕೂತ ನನಗಂತೂ ಅದನ್ನು ನೋಡಲಾಗುತ್ತಿರಲಿಲ್ಲ. ಆದ್ದರಿಂದ ಸೋಮವಾರ ಸಂಜೆ ಶೆಟ್ಟರು ಐತಾಳರನ್ನು ಬಿಟ್ಟು ಉಳಿದ ಮೂವರ ಒಂದು ವಾಟ್ಸ್ಯಾಪ್ ಗುಂಪು ಮಾಡಿ, ಅದಕ್ಕೆ ‘ಆಯ್ಕೆ ಸಮಿತಿ’ ಎಂದು ಹೆಸರಿಟ್ಟು, ಇನ್ನು ಮುಂದೆ ಐತಾಳರು ಥಾಣೆಯಲ್ಲಿ ಏಳಕೂಡದು ಎಂದು ಬರೆದಾಗ ನಾವಿಬ್ಬರೂ ಕೂಡಲೇ ಹೆಬ್ಬೆರಳು ಎತ್ತಿದೆವು. ಕೇಳಿದರೆ ಅವರು ಒಪ್ಪುವುದಿಲ್ಲ, ಹೇಳುವುದೇ ಬೇಡ, ಮಾಡಿಬಿಡೋಣ ಎಂದರು ಕುಲಕರ್ಣಿ. ಪುಣ್ಯಾತ್ಮನ ವಿಷಯದಲ್ಲಿ ವಾರಗಟ್ಟಲೆ ಕಾದಾಡಿದ ನಮಗೆ ಐತಾಳರ ವಿಷಯ ತೀರ್ಮಾನಿಸಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಎಂಥ ಒಳ್ಳೆಯ ಕೆಲಸ ಮಾಡಿದೆವೆಂದು ನನಗೆ ಊಟ ಕೂಡ ರುಚಿಸಿತು.

ಮಂಗಳವಾರ ಥಾಣೆ ಬಂತು. ಐತಾಳರು ಏಳಹೊರಟರು. ಶೆಟ್ಟರು ಅವರ ಭುಜವನ್ನು ಮೆಲ್ಲಗೆ ಒತ್ತಿ, ಇನ್ನು ನೀವು ಕೊನೆಯವರೆಗೂ ಕೂರುವುದು ಮಾರಾಯ್ರೇ, ನಾವು ಮಾತಾಡಿ ಆಗಿದೆ ಎಂದರು. ಐತಾಳರು ಒಮ್ಮೆ ನಮ್ಮ ಮೂವರ ಮುಖವನ್ನೂ ನೋಡಿ ಕೂತರು. ಆಮೇಲೆ ಪುಣ್ಯಾತ್ಮನ ಹೆಸರೆತ್ತಿ ಎಷ್ಟು ಕೆಣಕಿದರೂ ಅವರು ಬಾಯಿ ಬಿಡಲಿಲ್ಲ. ಕೊನೆಯ ಸ್ಟೇಷನ್ನಿನಲ್ಲಿ ‘ಬರ್ತೇನೆ’ ಎಂದಷ್ಟೇ ಹೇಳಿ ಜನರ ನಡುವೆ ಇಳಿದುಹೋದರು.

ಬುಧವಾರ ಅವರು ಬರಲಿಲ್ಲ. ಫೋನ್ ಎತ್ತಲಿಲ್ಲ. ಕುಲಕರ್ಣಿಯವರ ಚೀಲ ಇದ್ದ ಜಾಗದಲ್ಲಿ ನಾನೇ ಕೂತೆ. ಎಂದಿನಂತೆ ತಂಡದ ಮಾತು ತೆಗೆದೆವು. ಪುಣ್ಯಾತ್ಮನನ್ನು ಕೈಬಿಡಬೇಕು ಎಂದರು ಕುಲಕರ್ಣಿ. ಹೌದು ಎಂದರು ಶೆಟ್ಟರು. ಹೌದು ಎಂದೆ ನಾನು. ಅಲ್ಲಿಗೆ ಚರ್ಚೆ ಮುಗಿದಿತ್ತು. ಗಾಡಿ ಇನ್ನೂ ದಿವಾ ತಲುಪಿರಲಿಲ್ಲ. ಇಷ್ಟು ದಿನ ನಾವು ಕ್ರಿಕೆಟ್ ಜ್ಞಾನವೆಂದು ಭ್ರಮಿಸಿದ್ದು ಐತಾಳರ ಪ್ರತಿರೋಧಕ್ಕೆ ತಲೆ ಚಚ್ಚಿಕೊಂಡ ಸದ್ದು ಮಾತ್ರವೆಂದು ಆಗ ಗೊತ್ತಾಯಿತು. ಎದುರಿನ ಮರಾಠಿ ಗೃಹಸ್ಥರು ‘ಕಾಕಾ ಕುಠೆ?’, ಕಾಕಾ ಎಲ್ಲಿ, ಎಂದು ಕೇಳಿದರು. ನಮಗೂ ಗೊತ್ತಿಲ್ಲ ಎಂದಾಗ, ನಾವೇ ಅವರನ್ನು ಎಲ್ಲೋ ಕೆಡವಿ ಬಂದೆವೇನೋ ಎಂಬಂತೆ ನೋಡಿದರು.

ಗುರುವಾರ ಬೆಳಿಗ್ಗೆ ನಾನು ಬೇಗ ಹೊರಟು, ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಡಬ್ಬಿ ನಿಲ್ಲುವ ಜಾಗ ಬಿಟ್ಟು, ಐತಾಳರನ್ನು ಹುಡುಕುತ್ತ ಜನರನ್ನು ಸೀಳಿಕೊಂಡು ಕಲ್ಯಾಣಿನ ಕಡೆಯ ತುದಿಯವರೆಗೆ ನಡೆದೆ. ಐತಾಳರು ಅಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು. ನಿನ್ನೆ ಯಾವ ಗಾಡಿಗೆ ಹೋದಿರಿ ಎಂದೆ. ಇದಕ್ಕೇ, ಈ ತುದಿಯ ಡಬ್ಬಿಯಲ್ಲಿ, ಡೊಂಬಿವಲಿಯಿಂದ ಕೊನೆಯವರೆಗೂ ನಿಂತುಕೊಂಡು ಎಂದರು. ನನಗೆ ಸಿಟ್ಟೇ ಬಂತು. ಈ ಕಾಲು ಇಟ್ಟುಕೊಂಡು ಇಂಥ ಹಟವೇ, ನಾವು ನಿಮ್ಮ ಒಳ್ಳೆಯದಕ್ಕಲ್ಲವೇ ಮಾಡಿದ್ದು ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

ಅವರು ಸಿಟ್ಟಾಗಲಿಲ್ಲ. “ನಮ್ಮ ಮನೆಯವಳಿಗೆ ನಾನು ಕೆಲಸ ಬಿಡಬೇಕು ಅಂತ ಉಂಟು,” ಎಂದರು. “ಸಾಕಷ್ಟು ಜಗಳ ಆದ ಮೇಲೆ ಒಂದು ಒಪ್ಪಂದಕ್ಕೆ ಬಂದದ್ದು. ದಿನಾ ಸಂಜೆ ಅವಳು ಒಂದೇ ಮಾತು ಕೇಳ್ತಾಳೆ, ಇವತ್ತು ಥಾಣೆಯಿಂದ ನಿಂತಿರಾ ಅಂತ. ಹೌದು ಅನ್ನುವಷ್ಟು ದಿನ ನಾನು ಆಫೀಸಿಗೆ ಹೋಗಬಹುದು. ಮಂಗಳವಾರ ಇಲ್ಲ ಅನ್ನಬೇಕಾಯ್ತು. ಒಂದು ಸಲಕ್ಕೆ ಬಿಟ್ಟಿದ್ದಾಳೆ, ಇನ್ನೊಮ್ಮೆ ಇಲ್ಲ ಅಂದರೆ ಮುಗೀತು.”

ಮನೆಯವರಿಗೆ ಸುಳ್ಳು ಹೇಳಬಹುದಿತ್ತಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

“ಆ ಪುಣ್ಯಾತ್ಮನಿಗೆ ಆಗುವುದಿಲ್ಲ ಅಂತ ನೀವೆಲ್ಲ ನನ್ನ ಎದುರೇ ಹೇಳಿದಿರಿ, ನಾನು ಉತ್ತರ ಕೊಟ್ಟೆ,” ಎಂದರು ಐತಾಳರು. “ನನ್ನ ವಿಷಯದಲ್ಲಿ ನನಗೆ ಉತ್ತರ ಕೊಡ್ಲಿಕ್ಕೆ ಬಿಡ್ಲಿಲ್ಲ. ನಿಲ್ಲಲಿಕ್ಕೆ ಆಗದ ದಿನ ನಾನೇ ಹೇಳ್ತೇನೆ ಮಾರಾಯ್ರೆ. ಅಲ್ಲಿವರೆಗೆ ನೀವು ಕೂತುಕೊಳ್ಳಿ.”

ಅಷ್ಟರಲ್ಲಿ ಠಾಕುರ್ಲಿ ದಾಟಿದ ಕುಲಕರ್ಣಿಯವರ ಸಂದೇಶ ಬಂತು. ನಾನು ಐತಾಳರ ಕೈಚೀಲ ಹಿಡಿಯಲು ಹೋಗಿ, ಯೋಚಿಸಿ, ಹಿಡಿಯದೆ, ಅವರ ನಡಿಗೆಗೆ ಹೊಂದಿಕೊಂಡು ನಮ್ಮ ಜಾಗಕ್ಕೆ ಬಂದೆ. ಅಲ್ಲೇ ನಿಂತಿದ್ದ ಶೆಟ್ಟರಿಗೆ ಐತಾಳರು ತಾವಾಗಿಯೇ ನಾಲ್ಕು ಮಾತಿನಲ್ಲಿ ವಿಷಯ ಹೇಳಿದರು. ಶೆಟ್ಟರು ಫೋನ್ ತೆಗೆದು ಅವರ ಕಣ್ಣೆದುರೇ ಆಯ್ಕೆ ಸಮಿತಿಯನ್ನು ಬರಖಾಸ್ತು ಮಾಡಿದರು. ಗಾಡಿಯೊಳಗೆ ಚೀಲ ಎದ್ದಿತು, ಐತಾಳರು ಕೂತರು. ಛತ್ರಿ ಎದ್ದಿತು, ನಾನು ನೇತಾಡಿದೆ. ಸ್ಥಿತಿಗತಿ ತಿಳಿಯದ ಕುಲಕರ್ಣಿ ನಮ್ಮ ಮುಖಗಳನ್ನು ನೋಡಿ ಜಾಣತನದಿಂದ ಎರಡನೆಯ ಸ್ಪಿನ್ನರನ ಮಾತು ತೆಗೆದರು. ಐತಾಳರು ಬಿಡಲಿಲ್ಲ. ಎರಡು ದಿನದ ಬಾಕಿಯನ್ನೂ ಸೇರಿಸಿ ಹೊಡೆದರು. ಮರಾಠಿ ಗೃಹಸ್ಥರು ತಲೆಯಾಡಿಸಿದ್ದೇ ಆಡಿಸಿದ್ದು.

ಥಾಣೆ ಬಂತು. ಐತಾಳರು ಎದುರು ಸೀಟಿನ ಬೆನ್ನು ಹಿಡಿದು ಎದ್ದರು. ಮೊಣಕಾಲು ಕಟಕ್ಕೆಂದದ್ದು ನಾಲ್ವರಿಗೂ ಕೇಳಿಸಿತು. ಕುಲಕರ್ಣಿಯವರ ಕೈ ತಾನಾಗಿ ಮುಂದೆ ಹೋದದ್ದನ್ನು ಶೆಟ್ಟರು ಹಿಂದಕ್ಕೆ ಎಳೆದರು. ಐತಾಳರು ಹಿಡಿಕೆಗೆ ಕೈ ಕೊಟ್ಟು, ಒಮ್ಮೆ ಉಸಿರು ಬಿಟ್ಟು, ನನ್ನ ಕಡೆ ನೋಡಿ, ಖಾಲಿಯಾದ ಸೀಟಿನ ಕಡೆಗೆ ಗದ್ದದಿಂದ ಸನ್ನೆ ಮಾಡಿದರು. ಸರದಿ ನನ್ನದಾಗಿತ್ತು.

ಘಾಟ್‌ಕೋಪರ್ ದಾಟುತ್ತಿದ್ದಂತೆ ಟಾಸ್ ಆಗಿ ತಂಡ ಬಂತು. ಕುಲಕರ್ಣಿ ಫೋನ್ ನೋಡಿ ಹನ್ನೊಂದು ಹೆಸರುಗಳನ್ನೂ ಓದಿದರು. ಪುಣ್ಯಾತ್ಮ ಇದ್ದ. ನಾವು ಮೂವರೂ ಗೊಣಗಿದೆವು, ಐತಾಳರು ತೊಡೆಯನ್ನು ಒತ್ತಿಹಿಡಿದುಕೊಂಡೇ ನಕ್ಕರು. ಅವನು ಈ ಸಲ ರನ್ ಹೊಡೆಯುತ್ತಾನೋ ಇಲ್ಲವೋ, ನನಗೆ ಅದರಲ್ಲಿ ಆ ಕ್ಷಣಕ್ಕೆ ಒಂದು ಅಭಿಪ್ರಾಯವೂ ಇರಲಿಲ್ಲ. ಪೂರ್ತಿ ಸೀಟು ನನಗೇ ಇತ್ತು. ಆದರೂ ಕೊನೆಯ ಸ್ಟೇಷನ್ ಬರುವವರೆಗೆ ನಾನು ಅದರಲ್ಲಿ ಅರ್ಧವೇ ಕೂತಿದ್ದೆ.