ಬಿಸಿ ರೊಟ್ಟಿಗಾಗಿ ಎರಡು ಹೊಟೇಲು

ನನ್ನ ಮನೆಯಿಂದ ಎರಡು ಮೈಲಿ ದೂರದ ಹೊಟೇಲಿನಲ್ಲಿ, ಮನೆಯ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು, ನಾನು ಒಂದು ದಿನ ತಂಗಿದ್ದೇನೆ. ಮನೆಗೆ ಬೆಂಕಿ ಬಿದ್ದಿರಲಿಲ್ಲ. ಸುಣ್ಣ ಹೊಡೆಸುತ್ತಿರಲಿಲ್ಲ. ಹೆಂಡತಿಯೊಡನೆ ಜಗಳವೂ ಆಗಿರಲಿಲ್ಲ. ಹೆಂಡತಿ ಜೊತೆಗೇ ಇದ್ದಳು. ಇದನ್ನು ಯಾರಿಗೆ ಹೇಳಿದರೂ ಅವರು ನನ್ನ ಆರೋಗ್ಯ ವಿಚಾರಿಸುತ್ತಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುವುದೇ ಮೇಲೆಂದು ತೋರಿತು.

ಈಗಿನ ಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ ಎರಡು ದಿನದ ವಿರಾಮಕ್ಕೆ ತಾರಾ ಹೊಟೇಲು ಮೇಲೋ ನಾಲ್ಕಾರು ಕೋಣೆಗಳ ‘ಬುಟೀಕ್’ ಹೊಟೇಲು ಮೇಲೋ ಎಂಬ ಚರ್ಚೆ ನಡೆಯುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳ ಬೆಳಗಾವಿಯಲ್ಲಿ ಈ ಚರ್ಚೆಗೆ ಜಾಗವಿರಲಿಲ್ಲ. ಹೊಟೇಲು ಎಂದರೆ ಚಹಾ ಕುಡಿಯುವ ಸ್ಥಳ. ಅದರ ಮಾಳಿಗೆಯ ಮೇಲೆ ನಾಲ್ಕು ಕೋಣೆಗಳಿದ್ದರೆ ಅದು ಲಾಜು. ಅಲ್ಲಿ ತಂಗುವವರು ಮೂರು ಬಗೆಯವರು: ಕೋರ್ಟಿನ ತಾರೀಖಿಗೆ ಬಂದವರು, ಔಷಧಿ ಕಂಪನಿಯ ಮಾರಾಟಗಾರರು, ಮತ್ತು ಹೆಣ್ಣು ನೋಡಲು ಬಂದು ಬಸ್ಸು ತಪ್ಪಿಸಿಕೊಂಡವರು. ಸುಮ್ಮನೆ ಇರುವುದಕ್ಕಾಗಿ ಒಬ್ಬ ಮನುಷ್ಯ ಕೋಣೆ ಹಿಡಿಯುತ್ತಾನೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ. ನನಗೆ ಅದನ್ನು ತಿಳಿಸಿದ್ದು ಒಂದು ಆರಿದ ರೊಟ್ಟಿ.

ನಾನು ಆಗ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ಕೆಂಪು ಪೆನ್ಸಿಲು ಹಿಡಿದು ಬೇರೆಯವರ ವಾಕ್ಯಗಳನ್ನು ಕತ್ತರಿಸುವುದು ನನ್ನ ಉದ್ಯೋಗ. ಶಿವಬಸವ ನಗರದಲ್ಲಿ ಮನೆ. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ನಾನು ಮತ್ತು ಗಿರಿಜಾ. ಒಂದು ಮಧ್ಯಾಹ್ನ ನನ್ನ ಊಟ ಮುಗಿದ ಮೇಲೆ ಅವಳು ತನ್ನ ತಟ್ಟೆ ಹಾಕಿಕೊಂಡಳು. ಜೋಳದ ರೊಟ್ಟಿಯ ಮನೆಗಳಲ್ಲಿ ಹೀಗೆಯೇ. ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬರಬೇಕು. ಉಣ್ಣುವವರು ಕುಳಿತಿರಬೇಕು, ಬಡಿಯುವವಳು ಒಲೆಯ ಮುಂದಿರಬೇಕು. ಎಲ್ಲರೂ ಎದ್ದ ಮೇಲೆ ಬಡಿದವಳ ಪಾಲಿಗೆ ಉಳಿದದ್ದು ಆರಿರುತ್ತದೆ. ಗಿರಿಜಾ ರೊಟ್ಟಿ ಮುರಿದಳು. ಹಪ್ಪಳದ ಸದ್ದಾಯಿತು.

“ಲಗ್ನ ಆಗಿ ಇಪ್ಪತ್ತು ವರ್ಷ ಆತು. ಬಿಸಿ ರೊಟ್ಟಿ ಹೆಂಗಿರ್ತೈತಿ ನನಗ ಗೊತ್ತಿಲ್ಲ ನೋಡ್ರಿ” ಎಂದಳು.

ದೂರಿನ ದನಿಯಲ್ಲ. ನಾಳೆ ನೀರು ಬರುವುದಿಲ್ಲ ಎನ್ನುವ ದನಿ. ಸುದ್ದಿಯನ್ನು ಎರಡು ಕಡೆಯಿಂದ ಖಚಿತಪಡಿಸಿಕೊಳ್ಳುವುದು ನನ್ನ ಅಭ್ಯಾಸ. “ತವರಮನ್ಯಾಗ?” ಎಂದು ಕೇಳಿದೆ.

“ಅಲ್ಲೂ ನಾನಽ ಬಡೀತಿದ್ನಿ.”

ನಿರಾಕರಣೆಗೆ ಆಧಾರ ಸಿಗಲಿಲ್ಲ. ‘ನೀವೇ ನಾಲ್ಕು ರೊಟ್ಟಿ ಬಡಿದು ಕೊಡಬಹುದಿತ್ತಲ್ಲ’ ಎಂದು ಈಗಿನ ಓದುಗರು ಕೇಳಬಹುದು. ಆ ವಿಚಾರ ಅಂದು ನನಗೆ ಹೊಳೆಯಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ನನಗೆ ಹೊಳೆದದ್ದು ಹೊಟೇಲು.

ಎರಡು ದಿನ ರಜೆ ಹಾಕಿದೆ. ಎರಡು ಹೆಸರುಗಳು ಕಿವಿಗೆ ಬಿದ್ದಿದ್ದವು. ಒಂದು, ಬೆಳಗಾವಿಯಲ್ಲಿ ಹೊಸದಾಗಿ ಎದ್ದಿದ್ದ ದೊಡ್ಡ ಹೊಟೇಲು: ಲಿಫ್ಟು, ರತ್ನಗಂಬಳಿ, ಬಿಸಿನೀರಿನ ನಳ. ಇನ್ನೊಂದು, ಖಾನಾಪುರದಲ್ಲಿ ಅರಣ್ಯ ಇಲಾಖೆಯಿಂದ ನಿವೃತ್ತರಾಗಿದ್ದ ಮಕಾನದಾರ ಸಾಹೇಬರು ತಮ್ಮ ಹಳೆಯ ಬಂಗಲೆಯ ನಾಲ್ಕು ಕೋಣೆಗಳನ್ನು ಬಂದವರಿಗೆ ಕೊಡುತ್ತಿದ್ದ ಜಾಗ. ಒಂದೊಂದರಲ್ಲಿ ಒಂದು ದಿನ ಇದ್ದು ನೋಡುವುದೆಂದು ನಿಶ್ಚಯಿಸಿ, ಟೆಲಿಪ್ರಿಂಟರ್ ಕಾಗದದ ಹಿಂಬದಿಗೆ ಪಟ್ಟಿ ಗೀಚಿದೆ: ಹಾಸಿಗೆ, ನೀರು, ಗಾಳಿ, ನೌಕರರ ವರ್ತನೆ. ಗಿರಿಜಾ ಅದನ್ನು ಓದಿ ಕೆಳಗೆ ಒಂದು ಸಾಲು ಸೇರಿಸಿದಳು: ಬಿಸಿ ರೊಟ್ಟಿ.

“ನಾ ಕುಂತಿರಬೇಕು. ಯಾರರ ಬಾಜೂಕ ನಿಂತು ‘ಇನ್ನೊಂದು ಹಾಕ್ಲೇನ್ರಿ’ ಅನಬೇಕು. ನಾ ‘ಸಾಕು’ ಅನಬೇಕು. ಉಳಿದದ್ದು ನಿಮ್ಮ ಪಟ್ಟಿ, ನೀವು ನೋಡ್ಕೋರಿ.”

ಏನೂ ಮಾಡದೆ ಇರಲು ಹೊರಟ ಮನುಷ್ಯನಿಗೆ ಎಷ್ಟು ಸಾಮಾನು ಬೇಕು ಎಂಬುದು ಶನಿವಾರ ಬೆಳಿಗ್ಗೆ ತಿಳಿಯಿತು. ಹೊಟೇಲಿನ ಹಾಸಿಗೆಯ ಮೇಲೆ ಹಾಸಲು ನಮ್ಮ ಚಾದರ, ಹೊಟೇಲಿನ ಬಾಗಿಲಿಗೆ ನಮ್ಮ ಬೀಗ, ಹೊಟೇಲಿನ ಊಟಕ್ಕೆ ನಮ್ಮ ಶೇಂಗಾ ಚಟ್ನಿ. ಇವನ್ನೆಲ್ಲ ಹಿಟ್ಟಿನ ಗಿರಣಿಗೆ ಒಯ್ಯುವ ಚೀಲದಲ್ಲಿ ತುಂಬಿಕೊಂಡು ಆಟೋ ಹತ್ತಿದೆವು.

ಹೊಟೇಲಿನ ಗುಮಾಸ್ತ ದೊಡ್ಡ ವಹಿ ತೆರೆದ. ಯಾರು, ಎಲ್ಲಿಂದ, ಎಲ್ಲಿಗೆ, ಯಾವಾಗ, ಏಕೆ. ಜೀವನವಿಡೀ ಬೇರೆಯವರಿಗೆ ಕೇಳಿದ ಪ್ರಶ್ನೆಗಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು.

“ಎಲ್ಲಿಂದ ಬಂದ್ರಿ?”

“ಬೆಳಗಾವಿ.”

“ಇಲ್ಲಿಂದ ಮುಂದ?”

“ನಾಳೆ ಖಾನಾಪುರ. ಆಮ್ಯಾಲ ಬೆಳಗಾವಿ.”

“ಬಂದ ಉದ್ದೇಶ?”

ನಾನು ಯೋಚಿಸುತ್ತಿರುವಾಗ ಗಿರಿಜಾ “ರೊಟ್ಟಿ ತಿನ್ನಾಕ” ಎಂದಳು. ಗುಮಾಸ್ತ ಪೆನ್ನು ಕೆಳಗಿಟ್ಟ. ನಮ್ಮ ಚೀಲ ನೋಡಿದ. ಅವಳನ್ನು ನೋಡಿದ. ನಂತರ ತಗ್ಗಿದ ದನಿಯಲ್ಲಿ “ಇವರು ನಿಮಗ ಏನಾಗಬೇಕ್ರಿ?” ಎಂದು ನನ್ನನ್ನು ಕೇಳಿದ.

“ಹೆಂಡತಿ.”

“ಎಲ್ಲಾರೂ ಹಂಗಽ ಬರಸ್ತಾರ್ರೀ.”

ಪತ್ರಕರ್ತನ ಗುರುತಿನ ಚೀಟಿ ತೋರಿಸಿದೆ. ಅದರಲ್ಲಿ ನಾನು ಯಾರೆಂದು ಇತ್ತು, ಅವಳು ಯಾರೆಂದು ಇರಲಿಲ್ಲ. ನಾನು ಬೆವರತೊಡಗಿದಾಗ ಗಿರಿಜಾಗೆ ಇದ್ದಕ್ಕಿದ್ದಂತೆ ಏನೋ ನೆನಪಾಯಿತು.

“ಅಲ್ರೀ, ಹಿತ್ತಲದ ನಳಾ ಬಂದ್ ಮಾಡೀರಿಲ್ಲೊ?”

“ಮಾಡಿರಬೇಕು.”

ಆ ‘ಬೇಕು’ ನನ್ನ ತಪ್ಪು. ಅವಳು ನಳದಿಂದ ಆರಂಭಿಸಿ, ಹುಬ್ಬಳ್ಳಿಯ ಬಸ್ಸಿನಲ್ಲಿ ನಾನು ಮರೆತ ಛತ್ರಿ, ಮಗಳ ನಾಮಕರಣದ ದಿನ ನಾನು ತರದೆ ಬಂದ ಹೂವು, ಇವುಗಳ ಮೇಲೆ ಹಾಯ್ದು ಮತ್ತೆ ನಳಕ್ಕೆ ಬಂದು ಮುಟ್ಟಿದಳು. ಯಾವ ಘಟನೆಯೂ ಕ್ರಮ ತಪ್ಪಲಿಲ್ಲ. ಗುಮಾಸ್ತ ಮೆಲ್ಲಗೆ ಕೀಲಿಕೈಯನ್ನು ನಮ್ಮತ್ತ ಸರಿಸಿದ.

“ಸಾಕ್ರಿ ಅಕ್ಕಾರ. ನನಗ ಖಾತ್ರಿ ಆತು.”

ಕೋಣೆಯ ಬಗ್ಗೆ ಹೇಳಲು ಹೆಚ್ಚಿಲ್ಲ. ಹಾಸಿಗೆ ಮೆತ್ತಗಿತ್ತು, ಕುಳಿತರೆ ಎದ್ದೇಳಲು ಇನ್ನೊಬ್ಬರು ಕೈ ಕೊಡಬೇಕು. ಬಾಗಿಲಿಗೆ ತೂಗುಹಾಕಲು ‘ತೊಂದರೆ ಕೊಡಬೇಡಿ’ ಎಂಬ ಹಲಗೆಯಿತ್ತು. ವ್ಯವಸ್ಥೆಯ ಪರೀಕ್ಷೆಯಾಗಲಿ ಎಂದು ಅದನ್ನು ತೂಗುಹಾಕಿದೆ. ಐದು ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ನೌಕರನೊಬ್ಬ ಕಳವಳದಿಂದ ನಿಂತಿದ್ದ: “ಸಾಹೇಬ್ರ, ಬೋರ್ಡ್ ಹಾಕೀರಲ್ಲ, ಏನರ ತೊಂದ್ರಿ ಆಗೇತೇನ್ರಿ?” ಅವನ ಹಿಂದೆಯೇ ಮ್ಯಾನೇಜರು ಬಂದರು. ಇಷ್ಟು ವಿಚಾರಣೆ ಹಿಂದೊಮ್ಮೆ ನನಗೆ ಶಸ್ತ್ರಚಿಕಿತ್ಸೆಯಾದಾಗಲೂ ಆಗಿರಲಿಲ್ಲ. ನೌಕರರ ವರ್ತನೆಯ ಎದುರು ‘ಅತ್ಯುತ್ತಮ, ತಡೆಯಲಾಗದು’ ಎಂದು ಬರೆದುಕೊಂಡೆ.

ಮಧ್ಯಾಹ್ನ ಊಟದ ಸಭಾಂಗಣ. ತಿಂಡಿಪಟ್ಟಿ ನಮ್ಮ ಪತ್ರಿಕೆಯ ಪುಟದಷ್ಟೇ ಅಗಲ. ಮುಂಡಾಸು ಸುತ್ತಿದ ವೇಟರ್ ಬಾಗಿದ. ಗಿರಿಜಾ ಜೋಳದ ರೊಟ್ಟಿ ಕೇಳಿದಳು.

“ತಂದೂರಿ ರೋಟಿ ಅದ, ಮೇಡಂ.”

“ಜ್ವಾಳದ್ದು ಬೇಕಪಾ. ಬಡದಿದ್ದು.”

ಅವನು ಒಳಗೆ ಹೋದ. ಒಳಗಿನಿಂದ ಕೋಟಿನವರೊಬ್ಬರು ಬಂದು ನಮ್ಮನ್ನು ನೋಡಿ ಹೋದರು. ಉದ್ದ ಟೋಪಿಯ ಅಡುಗೆಯವನೂ ಬಂದು ನೋಡಿ ಹೋದ. ಗ್ರಾಹಕರ ಮಾತು ತಳ್ಳಿಹಾಕುವುದು ಅಲ್ಲಿ ಅಪಚಾರ. ಹಾಗಾಗಿ ಯಾರೂ ಇಲ್ಲವೆನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಗುಮ್ಮಟದಂಥ ಬೆಳ್ಳಿ ಬಣ್ಣದ ಮುಚ್ಚಳದ ತಟ್ಟೆ ಬಂತು. ಎರಡೂ ಬದಿಗೆ ಚೂರಿ, ಮುಳ್ಳುಚಮಚೆ. ವೇಟರ್ ಮುಚ್ಚಳ ಎತ್ತಿದ. ಹೂವಿನಂತೆ ಕೊರೆದ ಟೊಮೆಟೊ ಪಕ್ಕದಲ್ಲಿ ಎರಡು ಜೋಳದ ರೊಟ್ಟಿ.

ಗಿರಿಜಾ ಬೆರಳಿನಿಂದ ಮುಟ್ಟಿದಳು. ಆರಿತ್ತು. ಎತ್ತಿ ಬೆಳಕಿಗೆ ಹಿಡಿದಳು. ನಡುವೆ ಮೂರು ಬೆರಳಿನ ಗುರುತು.

“ರೀ, ಇದು ನಮ್ಮ ಪಾರವ್ವನ ರೊಟ್ಟಿ.”

ಪಾರವ್ವ ನಮ್ಮ ಮನೆಯಿಂದ ಮೂರನೆಯ ಮನೆಯವಳು. ಬೆಳಗಿನ ಹೊತ್ತು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಕೊನೆಗೆ ಮೂರು ಬೆರಳು ಒತ್ತುವುದು ಅವಳ ರೂಢಿ. ನಾನು ವೇಟರನನ್ನು ವಿಚಾರಿಸಿದೆ. ಹೊಟೇಲಿನವರು ಸೈಕಲ್ ಮೇಲೆ ಒಬ್ಬರನ್ನು ಖಾನಾವಳಿಗೆ ಅಟ್ಟಿದ್ದರು. ಸುದ್ದಿ ಖಚಿತವಾಯಿತು. ರೊಟ್ಟಿ ಮತ್ತು ನಾವು ಅದೇ ದಿನ ಅದೇ ಓಣಿಯಿಂದ ಹೊರಟು ಅದೇ ಮೇಜಿಗೆ ಬಂದು ಮುಟ್ಟಿದ್ದೆವು. ರೊಟ್ಟಿ ಸ್ವಲ್ಪ ಮುಂಚೆ ಹೊರಟಿತ್ತು.

“ಇನ್ನೊಂದು ತರ್ಸ್ಲೇನ್ರಿ ಮೇಡಂ?” ಎಂದ ವೇಟರ್.

“ಸಾಕು” ಎಂದಳು ಗಿರಿಜಾ. ಅವಳು ಅನ್ನಬೇಕೆಂದುಕೊಂಡಿದ್ದ ‘ಸಾಕು’ ಅದಾಗಿರಲಿಲ್ಲ.

ಭಾನುವಾರ ಬೆಳಗಿನ ರೈಲಿಗೆ ಖಾನಾಪುರ. ಮಕಾನದಾರ ಸಾಹೇಬರು ಗೇಟಿನಲ್ಲೇ ನಿಂತಿದ್ದರು. ವಹಿ ಇಲ್ಲ, ಉದ್ದೇಶ ಕೇಳಲಿಲ್ಲ. “ಬಾರವಾ ತಂಗೆವ್ವ, ಬರ್ರಿ ಮಾವಾರ” ಎಂದರು. ಗೇಟಿನಿಂದ ಮೆಟ್ಟಿಲು ಹತ್ತುವಷ್ಟರಲ್ಲಿ ಗಿರಿಜಾ ಅವರ ತಂಗಿಯೂ ನಾನು ತಂಗಿಯ ಗಂಡನೂ ಆಗಿದ್ದೆವು. ನಾಲ್ಕು ಕೋಣೆಗಳಿಗೆ ನಾಲ್ಕು ಮರಗಳ ಹೆಸರು: ಸಾಗವಾನಿ, ಮತ್ತಿ, ಹೊನ್ನೆ, ನೇರಳೆ. ನಮಗೆ ಕೊಟ್ಟದ್ದು ನೇರಳೆ. ಅದರ ಬಾಗಿಲು ಅರ್ಧ ತೆರೆದು ನಿಂತುಬಿಟ್ಟಿತ್ತು. ಮುಂದೂ ಹೋಗದು, ಹಿಂದೂ ಬಾರದು. ಗಿರಿಜಾ ತಂದಿದ್ದ ಬೀಗ ವ್ಯರ್ಥವಾಯಿತು.

“ಮಳಿಗಾಲದಾಗ ಹಿಂಗಾತು” ಎಂದರು ಸಾಹೇಬರು. “ಅಡ್ಡ ತಿರಿಗಿ ಒಳಗ ಹೋಗ್ರಿ. ದಪ್ಪ ಇದ್ದವರಿಗೆ ನಾ ಸಾಗವಾನಿ ಕೊಡ್ತೀನಿ.”

ಹಾಸಿಗೆ ಗಟ್ಟಿ, ನೀರು ಬಾವಿಯದು, ಗಾಳಿ ಬೇಡವೆಂದರೂ ಬರುತ್ತಿತ್ತು. ಇಲ್ಲಿ ವ್ಯವಸ್ಥೆಯೆಂಬುದೇ ಇರಲಿಲ್ಲವಾದ್ದರಿಂದ ತಪ್ಪು ಹಿಡಿಯುವುದು ಕಷ್ಟವಾಯಿತು. ಹಿತ್ತಲಿನಲ್ಲಿ ಶಾಕಾಹಾರಿಗಳಿಗೆಂದು ಬೇರೆ ಅಡುಗೆಮನೆ. ಅಲ್ಲಿ ಅಡುಗೆಗೆ ನಂದಗಡದ ಗಂಗವ್ವ. ಮಧ್ಯಾಹ್ನ ಪಡಸಾಲೆಯಲ್ಲಿ ಮಣೆ ಹಾಕಿದರು. ಸಾಹೇಬರೂ ಜೊತೆಗೆ ಕುಳಿತರು. ಒಳಗಿನಿಂದ ಬಡಿಯುವ ಸದ್ದು ಬಂತು, ಹಿಂದೆಯೇ ಉಬ್ಬಿದ ರೊಟ್ಟಿ ಬಂದು ಗಿರಿಜಾಳ ತಟ್ಟೆಗೆ ಬಿತ್ತು. ಹಬೆಯಾಡುತ್ತಿತ್ತು. ಮೇಲೆ ಬೆಣ್ಣೆ, ಪಕ್ಕದಲ್ಲಿ ಎಣ್ಣೆಗಾಯಿ. ನಾನು ಪಟ್ಟಿ ಹೊರತೆಗೆದು ಪೆನ್ಸಿಲು ಹಿಡಿದೆ.

ಗಿರಿಜಾ ತುತ್ತು ಮುರಿದಳು. ಬಾಯಿಗಿಡಲಿಲ್ಲ.

“ಗಂಗವ್ವ, ನೀ ಯಾವಾಗ ಉಣ್ಣಾಕಿ?”

“ಕಡೀಕ ರೀ ಅಕ್ಕಾರ. ಆರಿದ್ದು ಇದ್ದಽ ಇರ್ತಾವಲ್ಲ.”

ತುತ್ತು ತಟ್ಟೆಗೆ ಮರಳಿತು. ಗಿರಿಜಾ ಎದ್ದು ಒಳಗೆ ಹೋದಳು.

ಇಲ್ಲಿ ಒಂದು ಮಾತು. ನಮ್ಮ ಮನೆತನಗಳಲ್ಲಿ ದಾಸೋಹದ ಬಗ್ಗೆ ಬಹಳ ಕೇಳಿ ಬೆಳೆದಿದ್ದೇವೆ. ನೀಡುವವನು ಬಾಗಬೇಕು, ಉಣ್ಣುವವನು ದೊಡ್ಡವನು. ನಮ್ಮ ಅಜ್ಜ ಮಠದ ಪಂಕ್ತಿಯಲ್ಲಿ ನೀಡಿದ ಕಥೆಯನ್ನು ಅನೇಕ ಸಲ ಹೇಳಿದ್ದರು. ಅವರು ಮನೆಗೆ ಬಂದ ಮೇಲೆ ಅಜ್ಜಿ ಅವರಿಗೆ ನೀಡಿದ್ದನ್ನು ಹೇಳಿರಲಿಲ್ಲ. ನೀಡುವ ಸರದಿ ಅಜ್ಜಿಯ ಬಳಿ ಬಂದು ನಿಂತಿತ್ತು, ಅಜ್ಜಿಗೆ ನೀಡುವವರಿರಲಿಲ್ಲ. ನಮ್ಮ ಗಮನಕ್ಕೆ ಬಾರದ ಸುದ್ದಿಗಳಲ್ಲಿ ಇದೂ ಒಂದು.

ಒಳಗೆ ವಾದ ನಡೆದಿತ್ತು.

“ನೀ ಕುಂದರು, ನಾ ಬಡೀತೀನಿ.”

“ಬ್ಯಾಡ್ರಿ ಅಕ್ಕಾರ. ನೀವು ರಜಾಕ್ಕ ಬಂದೀರಿ.”

ಗಿರಿಜಾ ಗೆದ್ದಳು, ಗಂಗವ್ವ ತಟ್ಟೆಯ ಮುಂದೆ ಬಂದು ಕುಳಿತಳು. ಬಿಸಿ ರೊಟ್ಟಿ ಬಂತು. ಈಗ ಅವಳಿಗೆ ತುತ್ತು ಇಳಿಯಲಿಲ್ಲ. “ರಜಾಕ್ಕ ಬಂದಾಕಿ ಒಲಿ ಮುಂದ ಕುಂತ್ರ ನಾ ಹೆಂಗ ಉಣ್ಲಿ” ಎಂದು ಎದ್ದು ಗಿರಿಜಾಳನ್ನು ಹೊರಗೆ ಕಳಿಸಿದಳು. ಗಿರಿಜಾ ಕುಳಿತಳು, ಎದ್ದಳು. ಗಂಗವ್ವ ಬಂದಳು, ಹೋದಳು. ಪಹರೆ ಬದಲಿಸುವ ಸೈನಿಕರಂತೆ ಇಬ್ಬರೂ ಬಾಗಿಲಲ್ಲಿ ಎದುರಾಗುತ್ತಿದ್ದರು. ಪ್ರತಿ ಸಲವೂ ಒಂದು ಬಿಸಿ ರೊಟ್ಟಿ ಬಂದು, ತಿನ್ನುವವರಿಲ್ಲದೆ ಆರುತ್ತಿತ್ತು. ನಾನೂ ಸಾಹೇಬರೂ ಎಣಿಸುತ್ತಿದ್ದೆವು. ಹನ್ನೊಂದು ಆಯಿತು. ಎಲ್ಲವೂ ತಣ್ಣಗೆ.

ಗಿರಿಜಾ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನು ಬಹಳ ಹೊತ್ತು ನೋಡಿದಳು.

“ಈ ಮನ್ಯಾಗ ಕೈ ಇದ್ದವರು ನಾಕು ಮಂದಿ ಅದೀವಿ” ಎಂದಳು.

ಸಾಹೇಬರು ಮೊದಲು ಎದ್ದು ತೋಳು ಮಡಚಿದರು. “ಜಂಗಲ್ ಕ್ಯಾಂಪಿನ್ಯಾಗ ನಾನೂ ಬಡದಾಂವ, ತಂಗೆವ್ವ. ಒಂದು ಆನಿ ಬಂದಾಗ ಬಿಟ್ಟು ಓಡಿದ್ನಿ. ಆವತ್ತಿಂದ ರೂಢಿ ತಪ್ಪೇತಿ.” ಅವರ ರೊಟ್ಟಿ ಇಟ್ಟಂಗಿಯ ದಪ್ಪವಾಯಿತು.

“ಸಾಹೇಬ್ರ, ಇಲ್ಲೆ ಹೆಂಚಿನ ಕಾರಖಾನ್ಯಾಗ ನಿಮಗ ಕೆಲಸ ಖಾಯಂ” ಎಂದಳು ಗಂಗವ್ವ. ಅವಳೂ ಗಿರಿಜಾಳೂ ಈಗ ಪಕ್ಕಪಕ್ಕದ ಮಣೆಯ ಮೇಲೆ ಕುಳಿತಿದ್ದರು. ಎಬ್ಬಿಸಲು ಒಲೆಯ ಮುಂದೆ ಹೆಂಗಸರು ಯಾರೂ ಉಳಿದಿರಲಿಲ್ಲ.

ಆಮೇಲೆ ನನ್ನ ಸರದಿ. ಹಿಟ್ಟು ನಾದಿದೆ, ಬಡಿದೆ, ತಿರುಗಿಸಿದೆ. ಬೆಳಗಾವಿಯ ಉಪಸಂಪಾದಕನಾಗಿ ಗಡಿ ವಿವಾದದ ಸುದ್ದಿಗಳನ್ನು ಲೆಕ್ಕವಿಲ್ಲದಷ್ಟು ತಿದ್ದಿದವನು ನಾನು. ನನ್ನ ರೊಟ್ಟಿಯಂಥ ಗಡಿಯನ್ನು ಯಾವ ಆಯೋಗವೂ ನೋಡಿರಲಾರದು. ಒಂದು ಕಡೆ ಗೋವಾದೊಳಗೆ ನುಗ್ಗಿತ್ತು, ಇನ್ನೊಂದು ಕಡೆ ಹರಿದು ಎರಡು ರಾಜ್ಯವಾಗಿತ್ತು. ಆದರೂ ಹಂಚಿನ ಮೇಲೆ ಅದು ಒಂದು ಮೂಲೆಯಲ್ಲಿ ಉಬ್ಬಿತು. ಓಡಿ ಬಂದು ಗಿರಿಜಾಳ ತಟ್ಟೆಗೆ ಹಾಕಿ ಪಕ್ಕದಲ್ಲಿ ನಿಂತೆ.

ಅವಳು ಮುರಿದಳು. ಸದ್ದಾಗಲಿಲ್ಲ, ಹಬೆ ಎದ್ದಿತು. ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಅಗಿಯಬೇಕಾದಂಥದೇ ಆಗಿತ್ತು.

“ಇನ್ನೊಂದು ಹಾಕ್ಲೇನ್ರಿ?” ಎಂದೆ.

“ಸಾಕು” ಎಂದು ತಟ್ಟೆಗೆ ಕೈ ಅಡ್ಡ ಹಿಡಿದಳು. ನಮ್ಮ ಕಡೆ ಮೊದಲನೆಯ ‘ಸಾಕು’ ಅನ್ನು ಯಾರೂ ನಂಬುವುದಿಲ್ಲ. ಅವಳ ಕೈ ಸರಿಸಿ ಇನ್ನೊಂದನ್ನು ಹಾಕಿದೆ. ಅದನ್ನೂ ತಿಂದಳು.

ನನ್ನ ಪಟ್ಟಿ ಹಿಟ್ಟಿನ ಕೈ ಒರೆಸಲು ಬಳಕೆಯಾದ್ದರಿಂದ ಎರಡು ಹೊಟೇಲುಗಳ ತುಲನೆ ಅಪೂರ್ಣವಾಗಿಯೇ ಉಳಿದಿದೆ. ಹೊರಡುವಾಗ ಸಾಹೇಬರು ಬಂದವರ ಅಭಿಪ್ರಾಯದ ಪುಸ್ತಕ ತಂದು ನನ್ನ ಮುಂದಿಟ್ಟರು. ನಾನು ಪೆನ್ನು ತೆಗೆಯುವಷ್ಟರಲ್ಲಿ ಗಿರಿಜಾ ಪುಸ್ತಕ ಎಳೆದುಕೊಂಡು ತಾನೇ ಬರೆದು ಕೊಟ್ಟಳು. ರೂಢಿಯಂತೆ ಕತ್ತರಿಸುವ ದೃಷ್ಟಿಯಿಂದಲೇ ಓದಿದೆ.

‘ರೊಟ್ಟಿ ಸುಮಾರು. ಬಿಸಿ ಇದ್ದವು. ಮತ್ತ ಬರತೀವಿ.’

ಮೊದಲ ವಾಕ್ಯವನ್ನು ತೆಗೆಯಬಹುದಿತ್ತು. ನಿಜವಾದ್ದರಿಂದ ಹಾಗೆಯೇ ಬಿಟ್ಟೆ.