ಅರಳು ಹುರಿದ ಬಾಣಲೆಯಲ್ಲಿ ಹೊಯಿಗೆ

ಪಾಣೆಮಂಗಳೂರಿನ ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕಲು ಹೊಳೆಯ ಹೊಯಿಗೆಯೇ ಆಗಬೇಕಿತ್ತು. ಮಳೆಗಾಲ ಕಳೆದು ನೇತ್ರಾವತಿ ಇಳಿದೊಡನೆ ದಡದಲ್ಲಿ ಮರಳು ಬೆಳ್ಳಗೆ ತೆರೆದುಕೊಳ್ಳುತ್ತಿತ್ತು. ನನ್ನ ಅತ್ತೆ ಬುಟ್ಟಿ ಹಿಡಿದು ಹೋಗಿ, ಮೇಲಿನದನ್ನು ಸರಿಸಿ, ಅಡಿಯ ತಂಪಾದ ನುಣ್ಣನೆಯದನ್ನೇ ತುಂಬಿ ತರುತ್ತಿದ್ದರು. ಬಾವಿಕಟ್ಟೆಯ ನೆರಳಿನಲ್ಲಿ, ಬಾಯೊಡೆದ ಮಡಕೆಯೊಂದರಲ್ಲಿ ಅದು ಸದಾ ಒದ್ದೆಯಾಗಿಯೇ ಇರುತ್ತಿತ್ತು. ಅವರು ತಿಕ್ಕಿದ ತಪ್ಪಲೆಯಲ್ಲಿ ನನ್ನ ಮೂಗುಬೊಟ್ಟಿನ ಕಲ್ಲು ಕೂಡ ಕಾಣಿಸುತ್ತಿತ್ತು.

ನಾನು ಕಾನ್ವೆಂಟಿನಲ್ಲಿ ಓದಿ, ಅರುವತ್ತರ ದಶಕದ ಮೊದಲಿಗೆ ಆ ಮನೆಗೆ ಸೊಸೆಯಾಗಿ ಬಂದವಳು. ಸಿಸ್ಟರುಗಳು ಕಲಿಸಿದ್ದರಲ್ಲಿ ಗಟ್ಟಿಯಾಗಿ ಉಳಿದದ್ದು, ನೀರು ಕುದಿಸಿ ಕುಡಿಯಬೇಕು ಎಂಬುದು. ಅತ್ತೆ ಬೇಡವೆನ್ನಲಿಲ್ಲ. ಆದರೆ ನೆಂಟರು ಬಂದರೆ ಸಾಕು, "ನಿಮಗೆ ಬಾವಿಯ ನೀರೋ, ಕಾನ್ವೆಂಟಿನ ನೀರೋ?" ಎಂದು ಕೇಳಿ ನನ್ನ ಮುಖ ನೋಡುತ್ತಿದ್ದರು.

ಚೊಚ್ಚಲ ಮಗಳು ಕೂರಲು ಕಲಿಯುವ ಹೊತ್ತಿಗೆ ಭೇದಿ ಹಿಡಿಯಿತು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರು. ತೊಡೆಯ ಮಡಿಕೆಗಳು ಮಾಯವಾದವು. ಕಾಲಿನ ಬೆಳ್ಳಿಯ ಕಡಗ ತಾನಾಗಿ ಜಾರಿ ತೊಟ್ಟಿಲಿಗೆ ಬಿತ್ತು. ನೀರು ಕುದಿಸುತ್ತಿದ್ದೆ, ಹಾಲು ಕುದಿಸುತ್ತಿದ್ದೆ. ಇನ್ನೇನು ಕುದಿಸಬೇಕೆಂದು ತಿಳಿಯಲಿಲ್ಲ.

ಬಂಟ್ವಾಳದಿಂದ ಡಾಕ್ಟರಮ್ಮ ಮನೆಗೇ ಬಂದರು. ಮದ್ದು ಕೊಟ್ಟವರು ಹೊರಡಲಿಲ್ಲ. "ಮಗುವಿಗೆ ಹಾಲು ಕುಡಿಸುವುದು ಯಾವುದರಲ್ಲಿ, ತೋರಿಸಿ," ಎಂದರು. ನಾನು ಕಂಚಿನ ಒಳಲೆ ತಂದುಕೊಟ್ಟೆ. ಅದನ್ನು ಬೆಳಕಿಗೆ ಹಿಡಿದಾಗ ಮೂತಿಯ ಸಂದಿನಲ್ಲಿ ಮರಳಿನ ಒಂದೆರಡು ಕಾಳು ಮಿನುಗಿದವು.

"ಇದು ಎಲ್ಲಿಯ ಹೊಯಿಗೆ ಅಮ್ಮಾ?"

"ಹೊಳೆಬದಿಯದ್ದು," ಎಂದರು ಅತ್ತೆ, ಹೆಮ್ಮೆಯಿಂದಲೇ. "ಬೂದಿಯಲ್ಲಿ ಈ ಹೊಳಪು ಬರುವುದಿಲ್ಲ."

"ಹೊಳೆಬದಿಗೆ ಹೋಗುವುದು ಅಂದರೆ ಈ ಪೇಟೆಯಲ್ಲಿ ಎಂಥ ಅರ್ಥ?"

ನಾನು ಸೆರಗು ಬಾಯಿಗೆ ಹಿಡಿದೆ. ಬೆಳಿಗ್ಗೆ ಚೊಂಬು ಹಿಡಿದು ಹೊರಟ ಗಂಡಸರೆಲ್ಲ ಹೇಳುವ ಮಾತು ಅದು. ಪೇಟೆಯ ಚರಂಡಿ ಇಳಿಯುವುದೂ ಅಲ್ಲಿಗೇ.

"ಅವರು ಹೋಗುವ ಜಾಗ ಬೇರೆ ಉಂಟು," ಎಂದರು ಅತ್ತೆ. "ಮತ್ತೆ, ಅಷ್ಟು ದೊಡ್ಡ ಹೊಳೆ ತೊಳೆದುಕೊಂಡು ಹೋಗ್ತದೆ. ಬಿಸಿಲೂ ಬೀಳ್ತದೆ."

"ನೀರು ಹೋಗ್ತದೆ ಅಮ್ಮಾ, ರೋಗದ ಬೀಜ ಪೂರಾ ಹೋಗುವುದಿಲ್ಲ. ಕಾಳಿಗೆ ಅಂಟಿಕೊಂಡು ಸಂದಿಯಲ್ಲಿ ಕೂತಿರ್ತದೆ. ಮೇಲಿನ ಹೊಯಿಗೆ ಬಿಸಿಲಿಗೆ ಒಣಗ್ತದೆ. ನೀವು ಆರಿಸಿ ತರುವುದು ಅಡಿಯ ತಂಪಿನದ್ದು. ಅದಕ್ಕೂ ಅದೇ ಜಾಗ ಇಷ್ಟ."

ಹೆದರಿಕೆಯ ನಡುವೆಯೂ ನನಗೆ ಬೆರಗಾಯಿತು. ಕಣ್ಣಿಗೆ ಕಾಣದ ಜೀವ. ಹೊಳೆ ದಬ್ಬಿದರೂ ಬಿಸಿಲು ಸುಟ್ಟರೂ ಒಂದು ಮರಳಕಾಳಿನ ನೆರಳನ್ನೇ ಮನೆ ಮಾಡಿಕೊಂಡು, ಅದರ ಮೈಯ ಪಸೆಯನ್ನೇ ನೆಚ್ಚಿಕೊಂಡು ಕಾಯುತ್ತದಲ್ಲ! ನಾವೋ ಅದಕ್ಕೆ ನೆರಳಿನಲ್ಲಿ ಮಡಕೆ ಇಟ್ಟು, ಪಾತ್ರೆ ತೊಳೆದಾಗಲೆಲ್ಲ ನೀರು ಚಿಮುಕಿಸಿ ಸಾಕಿದ್ದೆವು.

"ನನ್ನ ಮಕ್ಕಳೆಲ್ಲ ಈ ಹೊಯಿಗೆಯಲ್ಲಿ ತಿಕ್ಕಿದ ಒಳಲೆಯಲ್ಲೇ ಕುಡಿದದ್ದು," ಎಂದರು ಅತ್ತೆ.

"ಎಲ್ಲರೂ ಇದ್ದಾರಾ ಅಮ್ಮಾ?" ಡಾಕ್ಟರಮ್ಮನ ದನಿ ಮೆತ್ತಗಿತ್ತು.

ಅತ್ತೆ ಮಗುವಿನ ಪಾದಕ್ಕೆ ಬಟ್ಟೆ ಎಳೆದರು. "ಇಬ್ಬರು ಹೋದರು. ಹೀಗೆಯೇ."

ಡಾಕ್ಟರಮ್ಮ ಒಳಲೆಯನ್ನು ನನ್ನ ಕೈಗಿಟ್ಟರು. ಇನ್ನು ಬೂದಿಯಲ್ಲಿ ತಿಕ್ಕಿ, ಪ್ರತಿ ಸಲವೂ ಒಳಲೆಯನ್ನೇ ನೀರಿನಲ್ಲಿ ಕುದಿಸಿ ಎಂದು ನನಗೆ ಹೇಳಿ ಹೋದರು.

ಹಾಗೆಯೇ ಮಾಡಿದೆ. ಆದರೆ ತಪ್ಪಲೆ, ಚೊಂಬು ಮಂಕಾಗಿ ಕೂತದ್ದನ್ನು ಅತ್ತೆಗೆ ನೋಡಲಾಗಲಿಲ್ಲ. ಒಂದು ದಿನ ಮಡಕೆಯ ಹೊಯಿಗೆಯನ್ನೆಲ್ಲ ಅರಳು ಹುರಿಯುವ ಬಾಣಲೆಗೆ ಸುರಿದು ಒಲೆಗೇರಿಸಿದರು. ಹಬೆ ಎದ್ದು ಅಡಗಿತು. ಆಮೇಲೆ ಒಂದು ಚಿಟಿಕೆ ಭತ್ತ ಎಸೆದರು. ಅದು ಟಪ್ಪೆಂದು ಸಿಡಿದು ಬಿಳಿಯ ಅರಳಾಯಿತು.

"ಭತ್ತ ಬಿರಿಯುವ ಬಿಸಿಗೆ ನಿನ್ನ ಆ ಬೀಜ ಬದುಕ್ತದಾ, ನೋಡುವ!" ಎಂದರು.

ಮಗುವಿನ ಹೊಟ್ಟೆ ಹಿಡಿತಕ್ಕೆ ಬಂತು. ಮೊದಲು ಅಳು ಜೋರಾಯಿತು, ಆಮೇಲೆ ಹಸಿವು. ಒಂದು ಬೆಳಿಗ್ಗೆ ನನ್ನ ಕೈಯ ಒಳಲೆಯನ್ನೇ ಕಿತ್ತುಕೊಳ್ಳಲು ಹೊರಟಳು, ಹಾಲೆಲ್ಲ ಮೈಮೇಲೆ. ಅತ್ತೆ ಬೈಯಲಿಲ್ಲ, ಇನ್ನಷ್ಟು ಹಾಲು ತಂದರು.

ಈ ಸುದ್ದಿ ಕೇರಿಗೆ ಹಬ್ಬಿತು. ಕೇರಿಯ ಹೆಂಗಸರ ಜೊತೆ ನಾವು ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಪಕ್ಕದ ಮನೆಯ ಬಸುರಿ ಸೊಸೆ ಬುಟ್ಟಿಗೆ ಹೊಯಿಗೆ ತುಂಬುತ್ತ ನಕ್ಕಳು. "ಹೊಯಿಗೆ ಹುರೀತೀರಂತೆ ದೊಡ್ಡಮ್ಮಾ, ಒಗ್ಗರಣೆಯೂ ಹಾಕ್ತೀರಾ?"

"ಹಾಕ್ತೇನೆ, ಊಟಕ್ಕೆ ಬಾ ಮಾರಾಯ್ತಿ."

"ಅಲ್ಲ, ನಿಮ್ಮ ಬಾಣಂತನದ ಕಾಲದಲ್ಲಿ ಹುರಿದಿದ್ದಿರಾ?"

ಅತ್ತೆ ಹಿಂಡುತ್ತಿದ್ದ ಸೀರೆಯನ್ನು ಕಲ್ಲಿನ ಮೇಲಿಟ್ಟರು. "ಇಲ್ಲ. ಇಬ್ಬರನ್ನು ಕಳಕೊಂಡೆ. ನೀನು ಹುರಿ," ಎಂದರು.

ಡಾಕ್ಟರಮ್ಮನಿಗೆ ಹೇಳಿದ್ದು ಬಿಟ್ಟರೆ ಮನೆಯೊಳಗೂ ಆ ಮಕ್ಕಳ ಮಾತೆತ್ತದಿದ್ದವರು ಅಷ್ಟು ಹೆಂಗಸರ ಎದುರು ಅದನ್ನು ಹೇಳಿ, ಸೀರೆಯನ್ನು ಎತ್ತಿಕೊಂಡು ಮತ್ತೆ ಹಿಂಡತೊಡಗಿದರು. ನನಗೆ ಅವರ ಕೈಯ ನರಗಳನ್ನೇ ನೋಡುತ್ತ ನಿಲ್ಲುವ ಹಾಗಾಯಿತು. ಆ ಹುಡುಗಿ ಬುಟ್ಟಿ ಎತ್ತಿಕೊಂಡು ಹೋದಳು. ಮರುದಿನ ಬಾಣಲೆ ಕೇಳಿಕೊಂಡು ಬಂದಳು.